ಹಕ್ಕಿದ್ದೂ ಸೋತವರು: ಅಲಾಸ್ಕಾದ ಒಂದು ದಾರಿ ತಕರಾರು

ತಾಲ್ಲೂಕು ಕಚೇರಿಯ ವರಾಂಡದಲ್ಲಿ ಒಂದು ಗಂಟೆ ಕೂತರೆ ಸಾಕು, ದಾರಿ ತಕರಾರಿನ ಎರಡು ಮೂರು ಕತೆಗಳಾದರೂ ಕಿವಿಗೆ ಬೀಳುತ್ತವೆ. ಅಡ್ಡ ನಿಂತವರು ಹೆಚ್ಚಾಗಿ ಪಕ್ಕದ ಹೊಲದವರು ಅಥವಾ ದಾಯಾದಿಗಳು. ಬೇಲಿ ಹಾಕಿದ್ದಾರೆ, ಬಂಡಿದಾರಿ ಉತ್ತುಬಿಟ್ಟಿದ್ದಾರೆ, ನಕಾಶೆಯಲ್ಲಿದೆ ಆದರೆ ನೆಲದ ಮೇಲಿಲ್ಲ, ಹೀಗೆ. ಅಡ್ಡ ಬಿದ್ದಿರುವ ಜಮೀನು ಸರ್ಕಾರದ್ದೇ ಆಗಿದ್ದರೆ, ಅದೂ ಕಾಡಾಗಿದ್ದರೆ, ಆಗ ವಾದ ಮಾಡುವ ರೀತಿಯೇ ಬದಲಾಗಬೇಕು. ಅದನ್ನು ತಿಳಿಯದೆ ಹೋದವರ ಪ್ರಕರಣವೊಂದು ಅಮೆರಿಕದ ಅಲಾಸ್ಕಾದಲ್ಲಿ ನಡೆದಿದೆ. ಕಾನೂನು ವರದಿಗಳಲ್ಲಿ ಅದರ ಹೆಸರು ಹೇಲ್ ವಿರುದ್ಧ ನಾರ್ಟನ್. ಹೇಲ್ ಜಮೀನಿನ ಒಡೆಯ. ಗೇಲ್ ನಾರ್ಟನ್ ಆಗ ಅಮೆರಿಕದ ಒಳಾಡಳಿತ ಖಾತೆಯ ಕಾರ್ಯದರ್ಶಿ, ಅಂದರೆ ನಮ್ಮ ಲೆಕ್ಕದಲ್ಲಿ ಸಚಿವೆ. ಅಲ್ಲಿನ ರಾಷ್ಟ್ರೀಯ ಉದ್ಯಾನಗಳೆಲ್ಲ ಆ ಖಾತೆಗೆ ಸೇರಿದವು.

ಮೊದಲು ನೆಲದ ಪರಿಚಯ. ರ್‍ಯಾಂಗಲ್–ಸೇಂಟ್ ಎಲಿಯಾಸ್ ಅಮೆರಿಕದ ಅತಿ ದೊಡ್ಡ ರಾಷ್ಟ್ರೀಯ ಉದ್ಯಾನ. ಸುಮಾರು 1.32 ಕೋಟಿ ಎಕರೆ, ಕರ್ನಾಟಕದ ಕಾಲು ಭಾಗಕ್ಕಿಂತ ಹೆಚ್ಚು. ಅದರ ನಡುವೆ ಮೆಕಾರ್ಥಿ ಎಂಬ ಸಣ್ಣ ಊರು. ಅಲ್ಲಿಗೆ ಚಿಟಿನಾದಿಂದ ಸುಮಾರು 60 ಮೈಲಿ ಕಲ್ಲುಮಣ್ಣಿನ ರಸ್ತೆ, ಹಳೆಯ ರೈಲುಹಾದಿಯ ಮೇಲೆಯೇ ಹಾಸಿದ್ದು. ಕೆನಿಕಾಟ್ ತಾಮ್ರದ ಗಣಿಗಾಗಿ 1911ರಲ್ಲಿ ಮುಗಿದ 196 ಮೈಲಿ ಉದ್ದದ ಆ ರೈಲುಮಾರ್ಗ 1938ರಲ್ಲಿ ಗಣಿಯ ಜೊತೆಗೇ ನಿಂತುಹೋಯಿತು. ಮೆಕಾರ್ಥಿಯಿಂದ ಇನ್ನೊಂದು ಹಾದಿ ಮೆಕಾರ್ಥಿ ತೊರೆಯ ಕಣಿವೆ ಹಿಡಿದು ಮೇಲಕ್ಕೆ ಹೋಗುತ್ತಿತ್ತು: ಗ್ರೀನ್ ಬ್ಯೂಟ್ ಮತ್ತು ಮದರ್ ಲೋಡ್ ಗಣಿಗಳಿಗಾಗಿ ಮಾಡಿದ, ಸುಮಾರು 13 ಮೈಲಿಯ ರಸ್ತೆ. ಗಣಿಗಳ ಕಾಲ ಮುಗಿದ ಮೇಲೆ ಅದನ್ನು ನೋಡಿಕೊಳ್ಳುವವರಿರಲಿಲ್ಲ. ತೊರೆ ಅದರ ಭಾಗಗಳನ್ನು ಕೊಚ್ಚಿಕೊಂಡು ಹೋಯಿತು, ಉಳಿದದ್ದರ ಮೇಲೆ ಪೊದೆ ಮರ ಬೆಳೆದವು. ಕಾಗದದಲ್ಲಿ ರಸ್ತೆ, ಕಣ್ಣಿಗೆ ಕಾಡು. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

2002ರಲ್ಲಿ ರಾಬರ್ಟ್ ಹೇಲ್ ಎಂಬಾತ ಹೆಂಡತಿ ಮತ್ತು ಹದಿನೈದು ಮಕ್ಕಳ ಸಂಸಾರಕ್ಕಾಗಿ ಈ ಕಣಿವೆಯ ತುದಿಯಲ್ಲಿ 410 ಎಕರೆ ಹಳೆಯ ಗಣಿ ಜಮೀನು ಕೊಂಡ. ಸುತ್ತ ನಾಲ್ಕೂ ಕಡೆ ಉದ್ಯಾನ. ಇಂಥ ಜಮೀನಿಗೆ ಒಳಹಿಡುವಳಿ ಎನ್ನೋಣ. ಅದೇ ವರ್ಷದ ಕೊನೆಯಲ್ಲಿ ಬುಲ್ಡೋಜರ್ ಹತ್ತಿ ಹಳೆಯ ರಸ್ತೆಯ ಜಾಡು ಹಿಡಿದು ಮೆಕಾರ್ಥಿಯವರೆಗೆ ದಾರಿ ಬಿಡಿಸಿಕೊಂಡರು. ಯಾರನ್ನೂ ಕೇಳಲಿಲ್ಲ. ಕೇಳಬೇಕೆಂದು ಅವರಿಗೆ ಅನ್ನಿಸಲೂ ಇಲ್ಲ, ಏಕೆಂದರೆ ಅವರ ಪ್ರಕಾರ ಅದು ಸಾರ್ವಜನಿಕ ರಸ್ತೆ. ಗಿಡ ಬೆಳೆದರೆ ರಸ್ತೆ ಇಲ್ಲವಾಗುತ್ತದೆಯೇ?

ಉದ್ಯಾನ ಇಲಾಖೆಗೆ ಸುದ್ದಿ ಮುಟ್ಟಿತು. 2003ರಲ್ಲಿ ಆ ದಾರಿಯನ್ನು ಮೋಟಾರು ವಾಹನಗಳಿಗೆ ಮುಚ್ಚಿ ನೋಟಿಸ್ ಹೊರಡಿಸಿತು. ಆದ ಹಾನಿಯನ್ನು ಅಳೆಯಲು ಬಂದ ಸರ್ವೆ ತಂಡದ ಜೊತೆ ಬಂದೂಕು ಧರಿಸಿದ ರೇಂಜರುಗಳೂ ಇದ್ದರು. ಅಷ್ಟರಲ್ಲಿ ಆ ವಸಂತದಲ್ಲಿ ಬೆಂಕಿ ಬಿದ್ದು ಅವರ ಕಟ್ಟಡ ಸುಟ್ಟುಹೋಯಿತು. ಚಳಿಗಾಲದೊಳಗೆ ಮತ್ತೆ ಕಟ್ಟಿಕೊಳ್ಳಬೇಕು, ಸಾಮಾನು ಸಾಗಿಸಲು ಬುಲ್ಡೋಜರ್ ಬೇಕು, ತುರ್ತಾಗಿ ಪರ್ಮಿಟ್ ಕೊಡಿ ಎಂದು ಕುಟುಂಬ ಅರ್ಜಿ ಹಾಕಿತು. ಅರ್ಜಿಯಲ್ಲಿ ಇನ್ನಷ್ಟು ವಿವರ ಬೇಕು, ಪರ್ಮಿಟ್ಟಿಗೆ ಮೊದಲು ಪರಿಸರ ಪರಿಶೀಲನೆ ಆಗಬೇಕು, ಇದು ಕಾನೂನು ಹೇಳುವ ತುರ್ತು ಸ್ಥಿತಿಯಲ್ಲ ಎಂದು ಇಲಾಖೆ ಹೇಳಿತು.

ಇಲ್ಲಿಂದ ಇದು ಒಂದು ಮನೆಯವರ ತಕರಾರಾಗಿ ಉಳಿಯಲಿಲ್ಲ. ಒಂದು ಕಡೆ ಖಾಸಗಿ ಆಸ್ತಿ ಹಕ್ಕಿನ ಸಂಘಟನೆಗಳು, ಇನ್ನೊಂದು ಕಡೆ ಪರಿಸರವಾದಿಗಳು. ಸ್ವಯಂಸೇವಕ ಪೈಲಟ್‌ಗಳು ಸಣ್ಣ ವಿಮಾನಗಳಲ್ಲಿ ಆ ಕಣಿವೆಗೆ ಸಾಮಾನು ಹೊತ್ತು ತಂದರು. ಸರ್ಕಾರ ಬಡವರ ದಾರಿ ಕಟ್ಟಿತು ಎಂಬ ಚಿತ್ರ ಪತ್ರಿಕೆಗಳಲ್ಲಿ ಮೂಡಿತು. ನನ್ನ ಮಟ್ಟಿಗೆ ಕೇಸು ಹದಗೆಟ್ಟದ್ದು ಆಗಲೇ. ಪತ್ರಿಕೆಯಲ್ಲಿ ಗೆಲ್ಲುವ ವಾದವೇ ಬೇರೆ, ಕೋರ್ಟಿನಲ್ಲಿ ನಿಲ್ಲುವ ವಾದವೇ ಬೇರೆ. ಹೊರಗೆ ಜೋರಾಗಿ ಹೇಳಿದ್ದನ್ನು ಒಳಗೆ ಬಂದು ಸಡಿಲಿಸುವುದು ಕಕ್ಷಿದಾರರಿಗೂ ವಕೀಲರಿಗೂ ಕಷ್ಟ.

ಅವರ ಕೈಯಲ್ಲಿ ಏನಿತ್ತು?

ಎರಡು ಕಾನೂನುಗಳಿದ್ದವು, ಎರಡೂ ಬಲವಾದವೇ.

ಮೊದಲನೆಯದು 1866ರ ಜುಲೈ 26ರ ಗಣಿ ಕಾಯ್ದೆಯ ಎಂಟನೇ ಕಲಮು. ಮುಂದೆ ಕಾನೂನುಗಳನ್ನು ಕ್ರೋಡೀಕರಿಸಿದಾಗ ಅದಕ್ಕೆ 2477 ಎಂಬ ಸಂಖ್ಯೆ ಬಿತ್ತು. ಇವತ್ತಿಗೂ ಅಮೆರಿಕದ ಪಶ್ಚಿಮದಲ್ಲಿ 'ಆರ್‌ಎಸ್ 2477' ಎಂದರೆ ದಾರಿ ಜಗಳ ಎಂದೇ ಅರ್ಥ. ಒಂದೇ ವಾಕ್ಯದ ಕಲಮು ಅದು: ಬೇರೆ ಸಾರ್ವಜನಿಕ ಉಪಯೋಗಕ್ಕೆ ಮೀಸಲಿಡದ ಸರ್ಕಾರಿ ಭೂಮಿಯ ಮೇಲೆ ಹೆದ್ದಾರಿ ಮಾಡಿಕೊಳ್ಳಲು ದಾರಿಹಕ್ಕು ಕೊಡಲಾಗಿದೆ. ಅಷ್ಟೇ. ಅರ್ಜಿ ಬೇಡ, ಮಂಜೂರಾತಿ ಬೇಡ, ಯಾವ ರಿಜಿಸ್ಟರಿನಲ್ಲೂ ನಮೂದಾಗಬೇಕಿಲ್ಲ. ಜನ ಓಡಾಡಿ, ಅಥವಾ ಸ್ಥಳೀಯ ಆಡಳಿತ ತನ್ನದೆಂದು ಒಪ್ಪಿಕೊಂಡು, ಹಾದಿ ಬಿದ್ದರೆ ಹಕ್ಕೂ ಬಿತ್ತು. ದೇಶ ಪಶ್ಚಿಮಕ್ಕೆ ಹರಡುತ್ತಿದ್ದ ಕಾಲಕ್ಕೆ ಅದು ಸರಿಯಾಗಿಯೇ ಇತ್ತು. ಹತ್ತಾರು ದಶಕಗಳ ಮೇಲೆ ಯಾವ ಹಾದಿ ಯಾವಾಗ ಬಿತ್ತು ಎಂದು ಸಾಬೀತು ಮಾಡಲು ಹೊರಟಾಗ ಮಾತ್ರ ದಾಖಲೆ ಹುಡುಕಿ ಹೈರಾಣಾಗಬೇಕು. 1976ರ ಅಕ್ಟೋಬರ್ 21ರಂದು ಬಂದ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಭೂನೀತಿ ಕಾಯ್ದೆ ಈ ಕಲಮನ್ನು ರದ್ದು ಮಾಡಿತು. ಆದರೆ ಆ ದಿನದ ಹೊತ್ತಿಗೆ ಹುಟ್ಟಿದ್ದ ಹಕ್ಕುಗಳನ್ನು ಮುಟ್ಟಲಿಲ್ಲ. ಅಲಾಸ್ಕಾದಲ್ಲಿ ಗಡುವು ಇನ್ನೂ ಹಿಂದಿನದು, ಏಕೆಂದರೆ 1969ರ ಜನವರಿಯಲ್ಲೇ ಒಳಾಡಳಿತ ಖಾತೆ ಅಲ್ಲಿನ ಸರ್ಕಾರಿ ಭೂಮಿಯ ವಿಲೇವಾರಿಯನ್ನು ಸ್ತಂಭನಗೊಳಿಸಿತ್ತು. ಗ್ರೀನ್ ಬ್ಯೂಟ್ ರಸ್ತೆ ಅದಕ್ಕೂ ಬಹಳ ಹಿಂದಿನದು. ಹಾಗಾಗಿ ಈ ವಾದದಲ್ಲಿ ಜೀವ ಇತ್ತು.

ಎರಡನೆಯದು 1980ರ ಡಿಸೆಂಬರ್ 2ರ ಅಲಾಸ್ಕಾ ಭೂಸಂರಕ್ಷಣಾ ಕಾಯ್ದೆ. ರ್‍ಯಾಂಗಲ್–ಸೇಂಟ್ ಎಲಿಯಾಸ್ ರಾಷ್ಟ್ರೀಯ ಉದ್ಯಾನವಾದದ್ದು ಇದೇ ಕಾಯ್ದೆಯಿಂದ. ಅಷ್ಟು ದೊಡ್ಡ ಪ್ರದೇಶಕ್ಕೆ ಗೆರೆ ಎಳೆಯುವಾಗ ಒಳಗೆ ಸಿಕ್ಕಿಕೊಳ್ಳುವ ಜಮೀನುದಾರರ ಗತಿ ಏನು ಎಂಬ ಪ್ರಶ್ನೆ ಎದ್ದಿತ್ತು. ಅದಕ್ಕೆ ಉತ್ತರ 1110ನೇ ಕಲಮಿನ 'ಬಿ' ಭಾಗ. ಒಳಹಿಡುವಳಿದಾರರಿಗೆ ಅವರ ಜಮೀನಿಗೆ, ಸಂಪಾದನೆಗಾಗಲಿ ಬೇರೆ ಉದ್ದೇಶಕ್ಕಾಗಲಿ, ಸಾಕಷ್ಟಾದ ಮತ್ತು ಕಾರ್ಯಸಾಧ್ಯವಾದ ದಾರಿಯನ್ನು ಖಾತ್ರಿಪಡಿಸುವ ಹಕ್ಕುಗಳನ್ನು ಸರ್ಕಾರ ಕೊಡಲೇಬೇಕು. ಅದೇ ಕಲಮಿನ ಕೊನೆಯಲ್ಲಿ ಇನ್ನೊಂದು ಮಾತಿದೆ: ಆ ಹಕ್ಕು ಉದ್ಯಾನವನ್ನು ಕಾಪಾಡಲು ಮಾಡುವ ಸಮಂಜಸ ನಿಯಮಗಳಿಗೆ ಒಳಪಟ್ಟಿರುತ್ತದೆ. ಹೇಲ್ ಪರ ವಕೀಲರು ಮೊದಲ ಭಾಗ ಓದಿದರು. ಸರ್ಕಾರದ ವಕೀಲರು ಎರಡನೆಯ ಭಾಗ ಓದಿದರು. ಕೇಸು ನಡೆದದ್ದೆಲ್ಲ ಆ ಎರಡು ಭಾಗಗಳ ನಡುವೆ.

ಇಲ್ಲಿ ನಮ್ಮ ಕಾನೂನಿನ ಜೊತೆ ಒಂದು ಹೋಲಿಕೆ ಬೇಕು, ಇಲ್ಲದಿದ್ದರೆ ಆ ಕಲಮಿನ ತೂಕ ಗೊತ್ತಾಗುವುದಿಲ್ಲ. ನಮ್ಮ 1972ರ ವನ್ಯಜೀವಿ ಕಾಯ್ದೆಯಲ್ಲಿ ಅಭಯಾರಣ್ಯ ಘೋಷಿಸುವಾಗ ಒಳಗಿನ ಜಮೀನಿನ ಮೇಲಿನ ಹಕ್ಕು ಮುಂದುವರಿಯಲು ಮುಖ್ಯ ವನ್ಯಜೀವಿ ಪರಿಪಾಲಕರೊಂದಿಗೆ ಸಮಾಲೋಚಿಸಿ ಬಿಡುವ ಅವಕಾಶ 24ನೇ ಕಲಮಿನಲ್ಲಿದೆ. ರಾಷ್ಟ್ರೀಯ ಉದ್ಯಾನಕ್ಕೆ ಬಂದಾಗ 35ನೇ ಕಲಮು ಆ ಅವಕಾಶವನ್ನೇ ಹೆಸರಿಟ್ಟು ತೆಗೆದುಹಾಕುತ್ತದೆ. ಒಳಗಿನ ಹಕ್ಕುಗಳೆಲ್ಲ ಸರ್ಕಾರಕ್ಕೆ ಸೇರಿದ ಮೇಲೆಯೇ ಅಂತಿಮ ಘೋಷಣೆ ಆಗಬೇಕು. ಅಂದರೆ ನಮ್ಮ ಕಾನೂನಿನ ಕಲ್ಪನೆಯಲ್ಲಿ ರಾಷ್ಟ್ರೀಯ ಉದ್ಯಾನದೊಳಗೆ ಖಾಸಗಿ ಜಮೀನು ಇರಲೇಬಾರದು. ಹಾಗಿದ್ದ ಮೇಲೆ ಅದಕ್ಕೆ ದಾರಿಯ ಪ್ರಶ್ನೆ ಎಲ್ಲಿಂದ ಬರಬೇಕು? ಕುದುರೆಮುಖದ ಒಳಗೆ ಇನ್ನೂ ತೋಟ ಗದ್ದೆ ಇಟ್ಟುಕೊಂಡಿರುವ ಮನೆಗಳು ಆ ಕಲ್ಪನೆಗೂ ನೆಲದ ಸ್ಥಿತಿಗೂ ನಡುವೆ ಸಿಕ್ಕಿಕೊಂಡಿವೆ. ಅಲಾಸ್ಕಾದ ಕಾಯ್ದೆ ಜಮೀನು ಒಳಗೇ ಉಳಿಯುತ್ತದೆ ಎಂದು ಒಪ್ಪಿಕೊಂಡು ಶುರುವಾಗುತ್ತದೆ. ಇದು ಸಣ್ಣ ವ್ಯತ್ಯಾಸವಲ್ಲ. ನಮ್ಮ ಕಾಡಂಚಿನ ರೈತನೊಬ್ಬ ಹೇಲ್ ಕೈಯಲ್ಲಿದ್ದ ಕಾಗದಗಳನ್ನು ನೋಡಿದ್ದರೆ, ಇಷ್ಟಿದ್ದೂ ಇವನಿಗೆ ಇನ್ನೇನು ಬೇಕಿತ್ತು ಎಂದು ಕೇಳುತ್ತಿದ್ದ.

ಕೇಸು ಕಟ್ಟಿದ ರೀತಿ

ಕುಟುಂಬದ ಪರವಾಗಿ ಪೆಸಿಫಿಕ್ ಲೀಗಲ್ ಫೌಂಡೇಶನ್ ಎಂಬ ಆಸ್ತಿ ಹಕ್ಕಿನ ಪರ ವಕೀಲ ಸಂಸ್ಥೆ 2003ರ ನವೆಂಬರ್‌ನಲ್ಲಿ ಅಲಾಸ್ಕಾದ ಫೆಡರಲ್ ನ್ಯಾಯಾಲಯಕ್ಕೆ ಹೋಯಿತು. ಅದೇ ತಿಂಗಳು ಅಲ್ಲಿ ಸೋತಿತು. ಮೇಲ್ಮನವಿ, ಪಶ್ಚಿಮದ ಕೆಲವು ರಾಜ್ಯಗಳ ಫೆಡರಲ್ ಮೇಲ್ಮನವಿ ನ್ಯಾಯಾಲಯವಾದ ಒಂಬತ್ತನೇ ಸರ್ಕ್ಯೂಟ್‌ಗೆ ಹೋಯಿತು. ಆ ನ್ಯಾಯಾಲಯ ಮೊದಲು ಈ ವಿಷಯ ತನ್ನ ವ್ಯಾಪ್ತಿಗೇ ಬರುವುದಿಲ್ಲ ಎಂದು ಹೇಳಿ, ಆಮೇಲೆ ಆ ತೀರ್ಪನ್ನು ಹಿಂದಕ್ಕೆ ತೆಗೆದುಕೊಂಡು, 2006ರಲ್ಲಿ ಹೊಸ ತೀರ್ಪು ಕೊಟ್ಟಿತು. 2007ರ ಆರಂಭದಲ್ಲಿ ಅದರ ತಿದ್ದಿದ ರೂಪ ಬಂತು.

ಕುಟುಂಬದ ಮುಖ್ಯ ವಾದ ಇದು: ದಾರಿಯ ಹಕ್ಕು ನಮಗೆ ಈಗಾಗಲೇ ಇದೆ. ಸರ್ಕಾರ ಪರ್ಮಿಟ್ ಕೊಡುವುದೆಂದರೆ ಇರುವ ಹಕ್ಕಿಗೆ ಸಹಿ ಹಾಕುವುದಷ್ಟೇ. ಅದಕ್ಕೆ 1969ರ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆಯ ಪ್ರಕಾರ ಪರಿಶೀಲನೆ ಬೇಡ. ಪರಿಶೀಲನೆ ಮುಗಿಯಲಿ ಎಂದು ಕಾಯಿಸುವುದು ಅಸಮಂಜಸ ನಿಯಂತ್ರಣ.

ನ್ಯಾಯಾಲಯದ ಉತ್ತರ ಓದಿದಾಗ ನನಗೆ ಮೊದಲು ಆಶ್ಚರ್ಯವಾಯಿತು, ಆಮೇಲೆ ಅದರ ಜಾಣತನ ತಿಳಿಯಿತು. ನಿಮಗೆ ಹಕ್ಕು ಇದೆ ಎಂದೇ ಇಟ್ಟುಕೊಳ್ಳೋಣ ಎಂದಿತು ಪೀಠ. ಹಕ್ಕಿದ್ದರೂ ಅದು ಸಮಂಜಸ ನಿಯಮಗಳಿಗೆ ಒಳಪಟ್ಟದ್ದು. ತೊರೆ ದಾಟುತ್ತಾ, ಬೆಳೆದ ಗಿಡಮರ ತಳ್ಳುತ್ತಾ ಬುಲ್ಡೋಜರ್ ಓಡಿಸುವ ಮೊದಲು ಅದರ ಪರಿಣಾಮ ನೋಡಬೇಕು ಎನ್ನುವುದು ಅಸಮಂಜಸವಲ್ಲ. ವಾದಿಯ ಕೋಟೆಯ ಮುಂಬಾಗಿಲನ್ನು ನ್ಯಾಯಾಲಯ ಮುಟ್ಟಲೇ ಇಲ್ಲ, ಪಕ್ಕದ ಕಿಂಡಿಯಿಂದ ಒಳಗೆ ಬಂತು. ಇಡೀ ಶಕ್ತಿಯನ್ನು 'ಹಕ್ಕು ಇದೆ' ಎನ್ನುವುದಕ್ಕೆ ಸುರಿದವರಿಗೆ ಆ ಕಿಂಡಿ ಮುಚ್ಚಲು ಏನೂ ಉಳಿದಿರಲಿಲ್ಲ.

ಕಾನೂನು ಬಲ್ಲವರಿಗೆ ಇದು ಅಚ್ಚರಿಯಾಗಬೇಕಿರಲಿಲ್ಲ. ನೆವಾಡಾದ ಸರ್ಕಾರಿ ಕಾಡಿನೊಳಗಿನ ಜಮೀನುದಾರರ 1993ರ ಪ್ರಕರಣದಲ್ಲಿ ಇದೇ ನ್ಯಾಯಾಲಯ, ದಾರಿಹಕ್ಕಿನ ಮೂಲ ಯಾವುದೇ ಇರಲಿ ಅರಣ್ಯ ಇಲಾಖೆಯ ಸಮಂಜಸ ನಿಯಮ ಅದಕ್ಕೆ ಅನ್ವಯಿಸುತ್ತದೆ ಎಂದಿತ್ತು. 1994ರಲ್ಲಿ ಆರೆಗಾನ್‌ನ ಗಣಿ ಹಕ್ಕುದಾರರಿಗೆ ಇನ್ನೂ ಕಟುವಾಗಿ ಹೇಳಿತ್ತು: ಮೋಟಾರು ವಾಹನ ಬೇಡ, ಸಾಮಾನು ಹೊರುವ ಪ್ರಾಣಿಗಳ ಮೇಲೆ ಹೋಗಿ ಎಂದು ಇಲಾಖೆ ಹೇಳಿದರೂ ಅದು ನಿಲ್ಲುತ್ತದೆ. ಅಂದರೆ ದಾರಿ ಕೊಡಬೇಕೇ ಎಂಬ ಪ್ರಶ್ನೆ ಬೇರೆ, ಯಾವ ವಾಹನದಲ್ಲಿ ಎಂಬ ಪ್ರಶ್ನೆ ಬೇರೆ. ಈ ಎರಡನ್ನು ಒಂದೇ ಎಂದುಕೊಂಡು ಹೇಲ್ ಕೇಸನ್ನು ಕಟ್ಟಿದರು.

ಅದಕ್ಕೆ ಜೊತೆಯಾಗಿ ತುರ್ತಿನ ವಾದವೂ ಪೇಲವವಾಗಿತ್ತು. ಅಲಾಸ್ಕಾದಲ್ಲಿ ಚಳಿಗಾಲ ಎಂದರೆ ದಾರಿ ಮುಚ್ಚುವ ಕಾಲ ಎಂದು ನಾವು ಅಂದುಕೊಳ್ಳುತ್ತೇವೆ. ಅಲ್ಲಿನವರಿಗೆ ಅದು ಉಲ್ಟಾ. ನೆಲ ಹೆಪ್ಪುಗಟ್ಟಿ, ಮೇಲೆ ಹಿಮ ಕೂತ ಮೇಲೆಯೇ ಭಾರ ಎಳೆಯುವುದು ಸುಲಭ, ಮಣ್ಣಿಗೂ ಪೆಟ್ಟು ಕಡಿಮೆ. ಅದೇ 1110ನೇ ಕಲಮಿನ 'ಎ' ಭಾಗ ಹಳ್ಳಿಗಳಿಗೂ ಮನೆಗಳಿಗೂ ಹೋಗಿಬರಲು ಸಾಕಷ್ಟು ಹಿಮವಿರುವಾಗ ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಮೋಟಾರು ಬಂಡಿ), ಜೊತೆಗೆ ಮೋಟಾರು ದೋಣಿ, ಸಣ್ಣ ವಿಮಾನಗಳಿಗೆ ಮೊದಲೇ ಅವಕಾಶ ಕೊಟ್ಟಿದೆ. ಸ್ವಯಂಸೇವಕರು ವಿಮಾನದಲ್ಲಿ ಸಾಮಾನು ತಂದು ಇಳಿಸಿದ್ದು ಕುಟುಂಬಕ್ಕೆ ದೊಡ್ಡ ಉಪಕಾರ, ನಿಜ. ಆದರೆ ಬೇರೆ ದಾರಿಯೇ ಇಲ್ಲ ಎಂಬ ಮಾತಿಗೆ ಅದೇ ಪೆಟ್ಟಾಯಿತೆಂದು ನನ್ನ ಓದು.

ಬೇರೆ ರೀತಿ ಮಾಡಬಹುದಿತ್ತೇ?

ಹಳೆಯ ರಸ್ತೆಯ ವಾದವನ್ನೇ ಕೊನೆ ಮುಟ್ಟಿಸಬೇಕಿದ್ದರೆ ಅದಕ್ಕೆ ಬೇರೆಯದೇ ಬಾಗಿಲಿತ್ತು. ಅಮೆರಿಕದ ಸರ್ಕಾರದ ಮೇಲೆ ಭೂಹಕ್ಕಿನ ದಾವೆ ಹೂಡಲು 1972ರ ಹಕ್ಕು ನಿರ್ಣಯ ಕಾಯ್ದೆ ಇದೆ. ಸರ್ಕಾರ ನಿಮ್ಮ ಹಕ್ಕನ್ನು ಒಪ್ಪುವುದಿಲ್ಲ ಎಂದು ನಿಮಗೆ ತಿಳಿದ, ತಿಳಿಯಬೇಕಿದ್ದ ದಿನದಿಂದ 12 ವರ್ಷದೊಳಗೆ ಹೂಡಬೇಕು. ಅಲ್ಲಿ ಒಂದು ತೊಡಕಿದೆ, ಅದು ನಮ್ಮವರಿಗೂ ಪರಿಚಿತ. 1866ರ ಕಲಮಿನಿಂದ ಹುಟ್ಟುವುದು ಸಾರ್ವಜನಿಕ ಹೆದ್ದಾರಿ. ಅದು ಊರಿನದು. ಊರಿನ ದಾರಿ ನನ್ನದು ಎಂದು ಒಬ್ಬನೇ ದಾವೆ ಹೂಡಲು ಬರುವುದಿಲ್ಲ ಎಂದು ಅಲ್ಲಿನ ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ರಾಜ್ಯವೋ ಕೌಂಟಿಯೋ (ನಮ್ಮ ಜಿಲ್ಲೆಯಂಥ ಸ್ಥಳೀಯ ಆಡಳಿತ) ಮುಂದೆ ಬರಬೇಕು. ಅಲಾಸ್ಕಾ ರಾಜ್ಯ 1998ರಲ್ಲಿ ಕಾನೂನು ಮಾಡಿ, ತನ್ನ ಪ್ರಕಾರ ಸಾರ್ವಜನಿಕವಾದ ಸುಮಾರು 600 ಹಳೆಯ ಹಾದಿಗಳನ್ನು ಪಟ್ಟಿ ಮಾಡಿಟ್ಟಿತ್ತು. ಆದರೂ ಹೇಲ್ ಕೇಸಿನಲ್ಲಿ ವಾದಿಯ ಪಕ್ಕ ರಾಜ್ಯ ನಿಂತಿರಲಿಲ್ಲ. ಗ್ರಾಮ ಪಂಚಾಯಿತಿ ತನ್ನ ರಸ್ತೆ ಪಟ್ಟಿಯಲ್ಲಿ ಬರೆದುಕೊಂಡ ದಾರಿಗೂ, ರೈತನೊಬ್ಬ ಇದು ನಮ್ಮಜ್ಜನ ಕಾಲದ ದಾರಿ ಎಂದು ಹೇಳುವ ದಾರಿಗೂ ಇರುವ ಅಂತರವೇ ಇದು.

ಹಾಗೆಂದು ಸ್ಥಳೀಯ ಸರ್ಕಾರ ಮುಂದೆ ಬಂದರೆ ಯಂತ್ರ ಇಳಿಸಿಬಿಡಬಹುದೇ? ಅದಕ್ಕೂ ಉತ್ತರ ಬಂದಿದೆ. 1996ರಲ್ಲಿ ಯೂಟಾ ರಾಜ್ಯದ ಮೂರು ಕೌಂಟಿಗಳು ಸರ್ಕಾರಿ ಭೂಮಿಯ ಹಳೆಯ ಹಾದಿಗಳ ಮೇಲೆ ರಸ್ತೆ ಹದ ಮಾಡುವ ಯಂತ್ರಗಳನ್ನು ಕಳಿಸಿದವು. ಆ ಜಗಳ ಇನ್ನೊಂದು ಮೇಲ್ಮನವಿ ನ್ಯಾಯಾಲಯವಾದ ಹತ್ತನೇ ಸರ್ಕ್ಯೂಟ್‌ನಲ್ಲಿ 2005ರಲ್ಲಿ ತೀರ್ಮಾನವಾಯಿತು. ಇಂಥ ಹಾದಿಯ ಹಕ್ಕು ಯಾರದು ಎಂದು ಅಂತಿಮವಾಗಿ ಹೇಳುವ ಅಧಿಕಾರ ಭೂ ಇಲಾಖೆಗಿಲ್ಲ, ಅದು ನ್ಯಾಯಾಲಯದ್ದು ಎಂದು ಕೌಂಟಿಗಳಿಗೆ ಒಲಿಯುವ ಮಾತನ್ನು ಪೀಠ ಹೇಳಿತು. ಜೊತೆಗೇ, ಇರುವುದನ್ನು ಇದ್ದಂತೆ ರಿಪೇರಿ ಮಾಡುವುದು ಒಂದು, ಇರುವುದಕ್ಕಿಂತ ಅಗಲ ಮಾಡುವುದು, ಹೊಸದಾಗಿ ಕಡಿಯುವುದು ಇನ್ನೊಂದು, ಎರಡನೆಯದಕ್ಕೆ ಹೊರಡುವ ಮುಂಚೆ ಭೂಮಿ ನೋಡಿಕೊಳ್ಳುವ ಇಲಾಖೆಯ ಜೊತೆ ಕೂತು ಮಾತಾಡಲೇಬೇಕು ಎಂದೂ ಹೇಳಿತು. ಎರಡು ಬೇರೆ ನ್ಯಾಯಾಲಯಗಳು, ಬೇರೆ ಬೇರೆ ಕಾರಣಗಳು. ಎರಡರಲ್ಲೂ ಬುಲ್ಡೋಜರಿಗೆ ಮೊದಲು ಮಾತು.

ಎರಡನೇ ಕಾನೂನಿನ ಹಾದಿಯಾದರೋ ಗೆಲ್ಲುವ ಹಾದಿ, ನಿಧಾನದ್ದು ಅಷ್ಟೇ. ಅದರ ನಿಯಮಗಳು 1986ರಲ್ಲೇ ಬಂದಿದ್ದವು. ಅವನ್ನು ಓದಿದರೆ ಜಮೀನುದಾರನಿಗೆ ಎಷ್ಟು ಒಲವಿದೆ ಎಂದು ಆಶ್ಚರ್ಯವಾಗುತ್ತದೆ. ಅರ್ಜಿದಾರ ಕೇಳಿದ ಮಾರ್ಗವನ್ನೇ, ಕೇಳಿದ ವಿಧಾನವನ್ನೇ ಇಲಾಖೆ ಕೊಡಬೇಕು. ತಿರಸ್ಕರಿಸಲು ನಾಲ್ಕೇ ಕಾರಣ: ಪ್ರಕೃತಿಗೆ ದೊಡ್ಡ ಹಾನಿಯಾಗುತ್ತಿದ್ದು ಬೇರೆ ಸಾಕಷ್ಟಾದ ದಾರಿ ಇರುವುದು, ಜನರ ಆರೋಗ್ಯ ಸುರಕ್ಷತೆಗೆ ಅಪಾಯ, ಉದ್ಯಾನದ ನಿರ್ವಹಣಾ ಯೋಜನೆಗೆ ವಿರುದ್ಧವಾಗುವುದು, ಅಥವಾ ಅರ್ಜಿದಾರನ ಉದ್ದೇಶಕ್ಕೆ ಅದರ ಅಗತ್ಯವೇ ಇಲ್ಲದಿರುವುದು. ಈ ಕಾರಣಗಳಿದ್ದರೂ 'ಇಲ್ಲ' ಎಂದು ಕೈತೊಳೆದುಕೊಳ್ಳುವಂತಿಲ್ಲ, ಬೇರೆ ಸಾಕಷ್ಟಾದ ದಾರಿ ತೋರಿಸಬೇಕು. 'ಸಾಕಷ್ಟಾದ' ಎಂದರೆ ಅಗತ್ಯಕ್ಕೆ ತಕ್ಕಂತಿದ್ದು ಹಣದ ದೃಷ್ಟಿಯಿಂದ ನಡೆಸಿಕೊಂಡು ಹೋಗುವಂತಿರುವುದು; ಎಲ್ಲಕ್ಕಿಂತ ಅಗ್ಗದ್ದೇ ಆಗಬೇಕೆಂದಿಲ್ಲ.

ಈ ನಿಯಮದ ಎದುರು ಗಟ್ಟಿ ಅರ್ಜಿ ಹೇಗಿರುತ್ತಿತ್ತು ಎಂದು ನಾನು ಊಹಿಸಿ ನೋಡಿದ್ದೇನೆ. ಜಮೀನು ಕೊಳ್ಳುವ ಮೊದಲೇ ಹಳೆಯ ರಸ್ತೆಯ ದಾಖಲೆ, ಗಣಿ ಕಾಲದ ನಕ್ಷೆ, ಈಗಿನ ಸ್ಥಿತಿಯ ಫೋಟೊ. ವರ್ಷಕ್ಕೆ ಎಷ್ಟು ಸಲ ಹೋಗಬೇಕು, ಎಷ್ಟು ಭಾರ, ಯಾವ ತಿಂಗಳು. ತೊರೆ ದಾಟುವ ಒಂದೊಂದು ಜಾಗಕ್ಕೂ ಒಂದೊಂದು ಗುರುತು. ಮೊದಲ ಚಳಿಗಾಲಕ್ಕೆ ಹಿಮದ ಮೇಲೆ ಸಾಗಿಸುವ ತಾತ್ಕಾಲಿಕ ಅನುಮತಿ, ಮುಂದಿನದಕ್ಕೆ ಕಾಯಂ ಅರ್ಜಿ, ಹಳೆಯ ರಸ್ತೆಯ ಹಕ್ಕನ್ನು ನಾವು ಬಿಟ್ಟುಕೊಟ್ಟಿಲ್ಲ ಎಂಬ ಒಂದು ಸಾಲು. ಕೊನೆಯ ಆ ಸಾಲು ಇದ್ದಿದ್ದರೆ ಪರ್ಮಿಟ್ ಕೇಳಿದ್ದರಿಂದ ಹಕ್ಕು ಕಳೆದುಕೊಳ್ಳುತ್ತೇವೆ ಎಂಬ ಭಯಕ್ಕೂ ಜಾಗವಿರುತ್ತಿರಲಿಲ್ಲ. ದಾರಿ ತಕರಾರಿನ ಜನ ಅರ್ಜಿ ಹಾಕಲು ಹಿಂಜರಿಯುವುದು ಬಹುಪಾಲು ಈ ಭಯದಿಂದಲೇ. ನಮ್ಮಲ್ಲೂ ಹಾಗೆಯೇ. 1882ರ ಈಸ್‌ಮೆಂಟ್ ಕಾಯ್ದೆಯ 15ನೇ ಕಲಮಿನಲ್ಲಿ ಖಾಸಗಿಯವರ ಜಮೀನಿನ ಮೇಲೆ 20 ವರ್ಷ, ಸರ್ಕಾರದ ಜಮೀನಿನ ಮೇಲೆ 30 ವರ್ಷ ಹಕ್ಕಿನಿಂದ ಓಡಾಡಿದ್ದರೆ ದಾರಿಹಕ್ಕು ಬರುತ್ತದೆ. ಅನುಮತಿ ಪಡೆದು ಓಡಾಡಿದ ವರ್ಷಗಳು ಆ ಲೆಕ್ಕಕ್ಕೆ ಸೇರುವುದಿಲ್ಲ. ಹಾಗಾಗಿ ನಮ್ಮ ರೈತನ ಭಯಕ್ಕೆ ಒಂದಿಷ್ಟು ಅರ್ಥವಿದೆ. ಅಲಾಸ್ಕಾದಲ್ಲಿ ಹಕ್ಕನ್ನು ಕಾಯ್ದೆಯೇ ಕೊಟ್ಟಿತ್ತು, ಅರ್ಜಿ ಹಾಕಿದ್ದರೆ ಕಳೆಯುವಂಥದ್ದು ಏನೂ ಇರಲಿಲ್ಲ.

ಇಲಾಖೆಯದೂ ತಪ್ಪಿಲ್ಲ ಎನ್ನಲಾರೆ. ಸುಟ್ಟ ಮನೆಯವರ ಕಡೆಗೆ ಬಂದೂಕಿನವರನ್ನು ಕಳಿಸುವುದು ಯಾವ ನಿಯಮದಲ್ಲಿದ್ದರೂ ಊರಿನವರು ಅದನ್ನು ಮರೆಯುವುದಿಲ್ಲ. ಉದ್ಯಾನ ಘೋಷಣೆಯಾಗಿ ಇಪ್ಪತ್ತು ವರ್ಷ ಕಳೆದಿದ್ದರೂ ಒಳಹಿಡುವಳಿದಾರನೊಬ್ಬ ಸುಲಭವಾಗಿ ಓದಿ ಅರ್ಥ ಮಾಡಿಕೊಳ್ಳುವಂಥ ಕೈಪಿಡಿ ಇರಲಿಲ್ಲ. ಅಲಾಸ್ಕಾದ ಉದ್ಯಾನಗಳೊಳಗಿನ ಜಮೀನಿಗೆ ದಾರಿ ಪಡೆಯುವುದು ಹೇಗೆ ಎಂಬ ಮಾರ್ಗದರ್ಶಿಯನ್ನು ಇಲಾಖೆ ತಂದದ್ದು ಈ ಗಲಾಟೆಯ ಮೇಲೆ.

ರಾಬರ್ಟ್ ಹೇಲ್‌ನ ಕತೆ ಬೇರೆ ಕಡೆಗೆ ತಿರುಗಿತು. ಕೇಸು ಮೇಲ್ಮನವಿಯಲ್ಲಿದ್ದಾಗಲೇ ತನ್ನದೇ ಮನೆಯೊಳಗೆ ಎಸಗಿದ ಘೋರ ಅಪರಾಧಗಳಿಗಾಗಿ ಆತ ಬಂಧನವಾದ, 2007ರಲ್ಲಿ ಶಿಕ್ಷೆಯಾಯಿತು, 2008ರಲ್ಲಿ ಸೆರೆಯಲ್ಲಿದ್ದಾಗಲೇ ಸತ್ತ. ಆತನನ್ನು ಸರ್ಕಾರದ ದಬ್ಬಾಳಿಕೆಗೆ ಸಿಕ್ಕ ಬಡಪಾಯಿ ಎಂದು ಮೆರೆಸಿದವರು ಮುಜುಗರಪಟ್ಟರು. ಆದರೆ ಕಾನೂನಿಗೆ ಅದು ಸಂಬಂಧವಿಲ್ಲದ ವಿಷಯ. ಒಳ್ಳೆಯವನಾಗಿದ್ದರೂ ಆ ವಾದಕ್ಕೆ ಅದೇ ತೀರ್ಪು ಬರುತ್ತಿತ್ತು. ತೀರ್ಪು ಈಗ ಅವನ ಹೆಸರಿನಲ್ಲೇ ಉಳಿದಿದೆ. ಒಳಹಿಡುವಳಿಯ ಪ್ರಕರಣ ಬಂದಾಗಲೆಲ್ಲ ಸರ್ಕಾರದ ವಕೀಲರ ಕೈಗೆ ಸಿಗುವ ಅಸ್ತ್ರ ಅದು.

ಹಳೆಯ ಗ್ರೀನ್ ಬ್ಯೂಟ್ ರಸ್ತೆ 1866ರ ಕಲಮಿನ ಪ್ರಕಾರ ಸಾರ್ವಜನಿಕ ಹೆದ್ದಾರಿ ಹೌದೋ ಅಲ್ಲವೋ? ಬುಲ್ಡೋಜರ್ ಇಳಿಸುವಾಗ ಕುಟುಂಬ ನಂಬಿದ್ದ ಮಾತು ಅದೊಂದೇ. ತೀರ್ಪಿನಲ್ಲಿ ಅದಕ್ಕೆ ಉತ್ತರವಿಲ್ಲ.